ಗಾಡಿ ಹೀಟ್ ಆಗುತ್ತಿದ್ದರೆ ಮೊದಲು ನೀರು ಎಲ್ಲಿ ಹೋಯಿತೆಂದು ಹುಡುಕಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟ ಕಾರು, ಒಳಗೆ ಐದು ಜನ, ಎ.ಸಿ. ಪೂರ್ತಿ. ಅರ್ಧದಲ್ಲಿ ನಿಲ್ಲಬೇಕಾದ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಬಂದು ನಿಂತಿತು. ಈ ಹೊತ್ತಿನಲ್ಲಿ ನಮ್ಮ ಕಡೆ ಬಹಳ ಜನ ಮಾಡುವುದೇನೆಂದರೆ, ಮುಂದಿನ ಢಾಬಾದವರೆಗೆ ಹೇಗೋ ಓಡಿಸಿ, ಒಂದು ಕೊಡ ನೀರು ಹುಯ್ದು ಮತ್ತೆ ಹೊರಡುವುದು. ಒಂದು ಹೋಸ್ ಪೈಪಿನಲ್ಲಿ ಮುಗಿಯಬೇಕಿದ್ದ ಕೆಲಸ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಇಳಿಸುವ ಮಟ್ಟಕ್ಕೆ ಬೆಳೆಯುವುದು ಇಲ್ಲಿಂದಲೇ.

ಕೂಲಿಂಗ್ ವ್ಯವಸ್ಥೆ ಎಲ್ಲ ಕಡೆ ಮುಚ್ಚಿರುವಂಥದ್ದು. ಬಾವಿಯ ನೀರಿನ ಹಾಗೆ ಬೇಸಿಗೆಗೆ ಇಳಿಯುವುದಿಲ್ಲ. ತಿಂಗಳಿಗೆ ಒಂದು ಲೋಟ ನೀರು ಹಾಕಬೇಕಾಗಿ ಬಂದರೂ ಅದು ಎಲ್ಲೋ ಸೋರುತ್ತಿದೆ, ಇಲ್ಲವೇ ಇಂಜಿನ್ ಒಳಗೇ ಸುಡುತ್ತಿದೆ. ಆ ಜಾಗ ಸಿಗುವವರೆಗೆ ಹಾಕಿದ ನೀರೆಲ್ಲ ದಂಡ.

ರಸ್ತೆಯಲ್ಲೇ ಹೀಟ್ ಆದರೆ

ಮುಳ್ಳು ಮೇಲೇರಲು ಶುರುವಾದ ತಕ್ಷಣ ಎ.ಸಿ. ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರ್ ಅನ್ನು ಪೂರ್ತಿ ಬಿಸಿಗೆ, ಬ್ಲೋವರ್ ಅನ್ನು ಪೂರ್ತಿ ವೇಗಕ್ಕೆ ಇಡಿ. ಬಿಸಿಲಲ್ಲಿ ಇದು ಹಿಂಸೆ, ಆದರೆ ಹೀಟರ್ ಕಾಯಿಲ್ ಕೂಡ ಒಂದು ಚಿಕ್ಕ ರೇಡಿಯೇಟರೇ. ಇಂಜಿನ್ನಿನ ಶಾಖ ಸ್ವಲ್ಪ ಅದರಿಂದಲೂ ಇಳಿಯುತ್ತದೆ. ಇದು ಸರ್ವಿಸ್ ರಸ್ತೆಗೆ ಇಳಿಯಲು ಸಿಗುವ ಒಂದೆರಡು ನಿಮಿಷದ ಅವಕಾಶ ಮಾತ್ರ. ಇದರ ಮೇಲೆ ಊರು ಸೇರಲು ನೋಡಬೇಡಿ. ಮುಳ್ಳು ಕೆಂಪು ಮುಟ್ಟಿತೋ, ಬಾನೆಟ್ಟಿನ ಸಂದಿಯಲ್ಲಿ ಹಬೆ ಕಂಡಿತೋ, ನೆರಳು ಹುಡುಕುತ್ತ ಹೋಗದೆ ಅಲ್ಲೇ ಎಡಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಹೆದ್ದಾರಿಯಲ್ಲಿ ಸಹಾಯ ಬೇಕಾದರೆ 1033ಕ್ಕೆ ಕರೆ ಮಾಡಬಹುದು.

ಹೀಟರ್ ಹಾಕಿದಾಗ ಬಿಸಿಗಾಳಿಯ ಬದಲು ತಣ್ಣನೆ ಗಾಳಿ ಬಂದರೆ ಇನ್ನೂ ಎಚ್ಚರ ಬೇಕು. ಹೀಟರ್ ಕಾಯಿಲಿಗೆ ನೀರೇ ತಲುಪುತ್ತಿಲ್ಲ, ಅಂದರೆ ಒಳಗೆ ನೀರು ಖಾಲಿಯಾಗಿದೆ ಅಥವಾ ಪಂಪ್ ನಿಂತಿದೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಟೆಂಪರೇಚರ್ ಸೆನ್ಸಾರ್ ಅಳೆಯುವುದು ತನ್ನನ್ನು ಮುಟ್ಟಿರುವ ನೀರಿನ ಬಿಸಿಯನ್ನು. ನೀರು ಪೂರ್ತಿ ಹೋಗಿ ಸೆನ್ಸಾರ್ ಗಾಳಿಯಲ್ಲಿ ನಿಂತರೆ, ಏರಿದ್ದ ಮುಳ್ಳು ಕೆಳಗಿಳಿಯುತ್ತದೆ. ಗಾಡಿ ತಣ್ಣಗಾಯಿತೆಂದು ಆಕ್ಸಿಲರೇಟರ್ ತುಳಿದರೆ ಇಂಜಿನ್ ಸೀಜ್ ಆಗುತ್ತದೆ.

ನಿಲ್ಲಿಸಿದ ಮೇಲೆ 45 ನಿಮಿಷವಾದರೂ ಕಾಯಿರಿ. ರೇಡಿಯೇಟರ್ ಕ್ಯಾಪ್ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಒಳಗೆ ನಿಲ್ಲುವ ಒತ್ತಡ, ಬಾರ್ ಲೆಕ್ಕದಲ್ಲಿ. ದಾವಣಗೆರೆ, ಚಿತ್ರದುರ್ಗದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. 1.1 ಬಾರ್ ಒತ್ತಡದಲ್ಲಿ ಅದೇ ನೀರು 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ಇರುತ್ತದೆ. ಬಿಸಿಯಲ್ಲಿ ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ, ಆ ನೀರೆಲ್ಲ ಒಮ್ಮೆಗೇ ಕುದ್ದು ಮುಖಕ್ಕೆ ಎಗರುತ್ತದೆ. ಕುಕ್ಕರಿನ ವಿಸಿಲ್ ಇಳಿಯುವ ಮುಂಚೆ ಯಾರೂ ಮುಚ್ಚಳ ತೆಗೆಯುವುದಿಲ್ಲವಲ್ಲ, ಇಲ್ಲೂ ಅದೇ ಲೆಕ್ಕ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಸುಕಿ ನೋಡಿ. ಮೆತ್ತಗೆ ಒಳಗೆ ಹೋದರೆ ಒತ್ತಡ ಇಳಿದಿದೆ. ಆಮೇಲೂ ದಪ್ಪ ಬಟ್ಟೆ ಹಿಡಿದು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಉಸ್ಸೆನ್ನುವುದು ಪೂರ್ತಿ ನಿಂತ ಮೇಲೆ ಒತ್ತಿ ತೆಗೆಯಿರಿ. ಬಾನೆಟ್ ಒಳಗೆ ಕೈ ಹಾಕುವಾಗ ಕೀ ತೆಗೆದಿದ್ದರೂ ಫ್ಯಾನಿನಿಂದ ದೂರವಿರಿ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆಫ್ ಆದ ಮೇಲೂ ಅದು ತಾನೇ ತಿರುಗಲು ಶುರುವಾಗುತ್ತದೆ.

ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೊರಗಿನಿಂದಲೂ ಬೇಡ. ಅಲ್ಯೂಮಿನಿಯಂ ಹೆಡ್ ಒಂದು ಕಡೆ ಮಾತ್ರ ಕುಗ್ಗಿದರೆ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಆರಿದ ಮೇಲೆ ಲೋಟ ಲೋಟವಾಗಿ ಹಾಕಿ. ಆ ಹೊತ್ತಿಗೆ ಕುಡಿಯುವ ನೀರಿನ ಬಾಟಲಿ ಸಾಕು. ಹಾಕಿದ ನೀರು ಅಷ್ಟೇ ವೇಗದಲ್ಲಿ ಕೆಳಗೆ ಸುರಿದರೆ ಓಡಿಸುವ ಆಸೆ ಬಿಟ್ಟು ಟೋಯಿಂಗ್ ಗಾಡಿ ಕರೆಸಿ. ಟೋಯಿಂಗ್ ಖರ್ಚು ಹೆಡ್ ಕೆಲಸದ ಖರ್ಚಿನ ಮುಂದೆ ಏನೂ ಅಲ್ಲ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಲಾರಿ ಉಪಾಯ ಈಗಲೂ ಚಾಲ್ತಿಯಲ್ಲಿದೆ. ಸೂಜಿಮೊನೆಯಂಥ ತೂತಾದರೆ ಪುಡಿ ಉಬ್ಬಿ ಕಟ್ಟಿಕೊಂಡು ಊರು ಮುಟ್ಟಿಸಬಹುದು. ಆದರೆ ಆ ಪುಡಿಗೆ ತೂತು ಯಾವುದು, ರೇಡಿಯೇಟರಿನ ಕೊಳವೆ ಯಾವುದು ಎಂದು ಗೊತ್ತಿಲ್ಲ. ಹೀಟರ್ ಕಾಯಿಲಿನ ಸಣ್ಣ ಕೊಳವೆಗಳಲ್ಲೂ ಅದೇ ಕೂರುತ್ತದೆ. ಅಂಗಡಿಯ ಲೀಕ್ ಸ್ಟಾಪ್ ಡಬ್ಬಿಗಳೂ ಇದೇ ಜಾತಿ. ಹಾಕಲೇಬೇಕಾಗಿ ಬಂದರೆ ಮನೆ ಮುಟ್ಟಿದ ಮೇಲೆ ಪೂರ್ತಿ ಫ್ಲಶ್ ಮಾಡಿಸಿ.

ಸೋರುವ ಜಾಗ ಹುಡುಕುವುದು

ಇದಕ್ಕೆ ಇಂಜಿನ್ ತಣ್ಣಗಿರಬೇಕು, ಕೈಯಲ್ಲಿ ಟಾರ್ಚ್ ಇರಬೇಕು, ಅವಸರ ಇರಬಾರದು. ರಾತ್ರಿ ಗಾಡಿಯ ಕೆಳಗೆ ಬಿಚ್ಚಿದ ರಟ್ಟಿನ ಡಬ್ಬ ಹಾಸಿ, ಮುಂದಿನ ಚಕ್ರಗಳ ಜಾಗವನ್ನು ರಟ್ಟಿನ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿದೆ ಎನ್ನುವುದು ಅರ್ಧ ಉತ್ತರ. ಬರೀ ನೀರು ಹಾಕಿದ ಗಾಡಿಯಲ್ಲದಿದ್ದರೆ, ಬಣ್ಣ, ವಾಸನೆ ಇಲ್ಲದೆ ತಿಳಿಯಾಗಿರುವುದು ಎ.ಸಿ.ಯ ನೀರು, ಚಿಂತೆಯಿಲ್ಲ. ಹಸಿರು, ಕೆಂಪು, ನೀಲಿ ಬಣ್ಣವಿದ್ದು ಬೆರಳಿಗೆ ಜಾರುತ್ತ, ಸಿಹಿ ವಾಸನೆ ಬಂದರೆ ಕೂಲೆಂಟ್, ಅಂದರೆ ಇಂಜಿನ್ ತಂಪಿಡುವ ನೀರಿಗೆ ಬೆರೆಸುವ ದ್ರವ. ನಾಲಿಗೆಗೆ ಹಚ್ಚಿ ನೋಡಬೇಡಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಮೇಲಿನಿಂದ ನೋಡುವಾಗ ಹನಿ ಹುಡುಕುವುದಕ್ಕಿಂತ ಒಣಗಿದ ಗುರುತು ಹುಡುಕಿ. ಓಡುವಾಗ ಸೋರಿದ ಕೂಲೆಂಟ್ ಬಿಸಿಗೆ ಅಲ್ಲೇ ಆರಿ, ಬಿಂದಿಗೆಯ ಕಂಠದಲ್ಲಿ ಉಪ್ಪುನೀರಿನ ಕರೆ ಕಟ್ಟಿದ ಹಾಗೆ ಬಿಳಿಯ ಅಥವಾ ಬಣ್ಣದ ಪುಡಿ ಬಿಟ್ಟಿರುತ್ತದೆ. ಈಗಿನ ರೇಡಿಯೇಟರಿನಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ತುದಿಯ ಟ್ಯಾಂಕು ಪ್ಲಾಸ್ಟಿಕ್. ಎರಡೂ ಸೇರುವಲ್ಲಿ ಅಲ್ಯೂಮಿನಿಯಂ ಹಲ್ಲುಗಳನ್ನು ಮಡಚಿ ನಡುವೆ ರಬ್ಬರ್ ಇಟ್ಟಿರುತ್ತಾರೆ. ವರ್ಷಗಳ ಬಿಸಿಗೆ ರಬ್ಬರ್ ಗಟ್ಟಿಯಾಗಿ ಆ ಹಲ್ಲುಗಳ ಸಾಲಿನಲ್ಲಿ ಪುಡಿ ಕಾಣಿಸುತ್ತದೆ. ಪ್ಲಾಸ್ಟಿಕ್ ಕಂದಿ, ಕೂದಲೆಳೆಯ ಬಿರುಕು ಬಿಟ್ಟಿರುವುದೂ ಉಂಟು, ಅದರಲ್ಲೂ ಮೇಲಿನ ಹೋಸಿನ ಮೂತಿ ಟ್ಯಾಂಕಿಗೆ ಕೂಡುವ ಬುಡದಲ್ಲಿ.

ಹೋಸುಗಳನ್ನು ಬರೀ ನೋಡಿದರೆ ಸಾಲದು, ಹಿಂಡಬೇಕು. ಒಳ್ಳೆಯ ಹೋಸ್ ಒತ್ತಿದರೆ ಗಟ್ಟಿಯಾಗಿ ಮರಳಿ ಬರುತ್ತದೆ. ಕರಕರ ಸದ್ದು ಬಂದರೆ ಒಳಗಿನ ದಾರ ಮುರಿದಿದೆ. ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿದ್ದರೆ ಆಯಿಲ್ ಬಿದ್ದು ರಬ್ಬರ್ ಕೆಟ್ಟಿದೆ. ಕ್ಲಿಪ್ಪಿನ ಪಕ್ಕ ಉಬ್ಬಿದ್ದರೆ ಮುಂದಿನ ಏರಿನಲ್ಲಿ ಒಡೆಯುತ್ತದೆ.

ಆಮೇಲೆ ವಾಟರ್ ಪಂಪ್. ಅದರ ಶಾಫ್ಟಿನ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಹೊರಬಂದು ತಿಳಿಸಲಿ ಎಂದೇ ಇಟ್ಟ ತೂತು ಅದು. ಅಲ್ಲಿಂದ ಇಳಿದ ಗೆರೆ ಕಂಡರೆ ಪಂಪ್ ಬದಲಿಸಬೇಕು. ಆ ತೂತಿಗೆ ಎಂ-ಸೀಲ್ ಮೆತ್ತಿಕೊಟ್ಟರೆ ಒಪ್ಪಬೇಡಿ, ನೀರು ಬೇರಿಂಗಿಗೆ ಹೋಗಿ ಪಂಪ್ ಹಿಡಿದುಕೊಳ್ಳುತ್ತದೆ. ಇಂಜಿನ್ ಆಫ್ ಇರುವಾಗ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿ ನೋಡಿ, ಆಟ ಇದ್ದರೆ ಬೇರಿಂಗ್ ಮುಗಿದಿದೆ.

ಹೊರಗೆಲ್ಲೂ ಸಿಗದಿದ್ದರೆ ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಎತ್ತಿ ಮುಟ್ಟಿ. ಅಲ್ಲಿ ಒದ್ದೆ, ಗಾಡಿಯೊಳಗೆ ಸಿಹಿ ವಾಸನೆ, ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಮಂಜು, ಈ ಮೂರೂ ಇದ್ದರೆ ಸೋರುತ್ತಿರುವುದು ಹೀಟರ್ ಕಾಯಿಲ್. ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಕೂರಿಸಿರುವ ದುಂಡನೆಯ ತಗಡು, ಅಂದರೆ ಡಮ್ಮಿ ಪ್ಲಗ್, ವರ್ಷಗಟ್ಟಲೆ ಬರೀ ನೀರು ಹಾಕಿದ ಗಾಡಿಯಲ್ಲಿ ಒಳಗಿನಿಂದ ತುಕ್ಕು ತಿಂದು ತೂತಾಗುತ್ತದೆ. ಡೀಸೆಲ್ ಗಾಡಿಯಲ್ಲಿ ಇ.ಜಿ.ಆರ್. ಕೂಲರನ್ನೂ, ಅಂದರೆ ಇಂಜಿನ್ನಿಗೆ ಮರಳುವ ಹೊಗೆಯನ್ನು ತಂಪು ಮಾಡುವ ಭಾಗವನ್ನೂ, ಅನುಮಾನಿಸಿ. ಅದು ಒಳಗೇ ಸೋರಿದರೆ ನೆಲಕ್ಕೆ ಒಂದು ಹನಿ ಬೀಳದೆ ಟ್ಯಾಂಕ್ ಖಾಲಿಯಾಗುತ್ತದೆ.

ಕಣ್ಣಿಗೆ ಸಿಗದ್ದನ್ನು ಹಿಡಿಯಲು ಪ್ರೆಶರ್ ಟೆಸ್ಟರ್ ಬೇಕು. ಸೈಕಲ್ ಪಂಪಿನಂಥ ಕೈಪಂಪು, ಅದಕ್ಕೊಂದು ಮೀಟರ್, ಕ್ಯಾಪಿನ ಜಾಗಕ್ಕೆ ಕೂರುವ ಮುಚ್ಚಳ, ಇಷ್ಟೇ. ರೇಡಿಯೇಟರ್ ಕೆಲಸದ ಅಂಗಡಿಗಳಲ್ಲಿ ಕೇಳಿ. ತಣ್ಣಗಿರುವಾಗ ನೀರು ಅಂಚಿನವರೆಗೆ ತುಂಬಿಸಿ, ಕ್ಯಾಪ್ ಮೇಲಿನ ಅಂಕಿಯಷ್ಟೇ ಒತ್ತಡ ಕೊಡಿ, ಅದಕ್ಕಿಂತ ಹೆಚ್ಚು ಕೊಟ್ಟರೆ ಚೆನ್ನಾಗಿರುವ ಹಳೆಯ ರೇಡಿಯೇಟರೂ ಒಡೆದೀತು. 15 ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಸರಿ. ಇಳಿದರೆ ಒತ್ತಡ ಇರುವಾಗಲೇ ಟಾರ್ಚ್ ಹಿಡಿದು ಹುಡುಕಿ. ನಿಂತ ಗಾಡಿಯಲ್ಲಿ ಒಂದು ಹನಿಯೂ ಬಿಡದ ಬಿರುಕು ಈಗ ನೀರಿನ ದಾರ ಚಿಮ್ಮುವುದನ್ನು ಕಾಣಬಹುದು. ಮುಳ್ಳು ಇಳಿದೂ ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ ನೀರು ಇಂಜಿನ್ ಒಳಗೆ ಹೋಗುತ್ತಿದೆ, ಅದನ್ನು ಮುಂದೆ ನೋಡೋಣ.

ಅದೇ ಟೆಸ್ಟರಿನಲ್ಲಿ ಕ್ಯಾಪನ್ನೂ ಪರೀಕ್ಷಿಸಿ. ಕ್ಯಾಪಿನ ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸತ್ತಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಗಿನ ಡಬ್ಬಿಗೆ ಉಕ್ಕುತ್ತದೆ. ಗಾಡಿ ಆರಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಕ್ಯಾಪಿನ ನಡುವಿನ ಚಿಕ್ಕ ವಾಲ್ವ್ ಅಂಟಿದೆ ಎಂದರ್ಥ. ಕೂಲಿಂಗ್ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಇದು. ಹೊಸದು ಹಾಕುವಾಗ ಅಂಕಿ ಮೊದಲಿನದೇ ಇರಲಿ.

ಸೋರಿಕೆ ಇಲ್ಲ, ಆದರೂ ಹೀಟ್

ಆಗ ಯಾವಾಗ ಹೀಟ್ ಆಗುತ್ತದೆ ಎನ್ನುವುದನ್ನು ಗಮನಿಸಿ. ದಾವಣಗೆರೆಯ ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲೋ, ರೈಲ್ವೆ ಗೇಟಿನ ಮುಂದೆ ನಿಂತಾಗಲೋ ಏರಿ, ಹೆದ್ದಾರಿಗೆ ಬಿದ್ದ ಕೂಡಲೇ ಇಳಿದರೆ ಫ್ಯಾನ್ ಅನುಮಾನ. ಊರಲ್ಲಿ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಏರಿದರೆ ನೀರಿನ ಹರಿವು ಕಮ್ಮಿ, ಅಂದರೆ ರೇಡಿಯೇಟರ್ ಕಟ್ಟಿದೆ, ಪಂಪ್ ಸವೆದಿದೆ ಅಥವಾ ಕೆಳಗಿನ ಹೋಸ್ ಹೀರಿಕೊಂಡು ಮುಚ್ಚುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಏರಿದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಅನುಮಾನ.

ಫ್ಯಾನ್ ಪರೀಕ್ಷೆ ಸುಲಭ. ಸ್ಟಾರ್ಟ್ ಮಾಡಿ ಎ.ಸಿ. ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಒಂದು ನಿಮಿಷದೊಳಗೆ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್, ತೆಗೆದು ಅದೇ ನಂಬರಿನ ಇನ್ನೊಂದನ್ನು ಹಾಕಿ ನೋಡಿ, ಕೊನೆಗೆ ಮೋಟರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ನೇರ ಕೊಟ್ಟಾಗ ತಿರುಗಿದರೆ ಮೋಟರ್ ಸರಿಯಿದೆ, ಸೆನ್ಸಾರ್ ಅಥವಾ ವೈರಿಂಗ್ ಕೆಟ್ಟಿದೆ. ಮೋಟರ್ ಹೊಸದಾಗಿ ಹಾಕಿಸಿದ ಮೇಲೆ ಹೀಟ್ ಶುರುವಾಗಿದ್ದರೆ ಗಾಡಿಯ ಮುಂಭಾಗದ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಹಾಳೆ ಅಂಟಿಕೊಳ್ಳಬೇಕು. ದೂರ ತಳ್ಳಿದರೆ ವೈರು ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ, ಎದುರಿನಿಂದ ಬರುವ ಗಾಳಿಯನ್ನೇ ತಡೆಯುತ್ತಿದೆ. "ಡೈರೆಕ್ಟ್ ಮಾಡಿಕೊಡ್ತೀನಣ್ಣ, ಯಾವಾಗಲೂ ತಿರುಗ್ತಿರುತ್ತೆ" ಎಂದು ಸ್ವಿಚ್ ತಪ್ಪಿಸಿ ವೈರ್ ಎಳೆಯುವುದು ಬೇಡ. ಮೋಟರ್ ಬೇಗ ಸವೆಯುತ್ತದೆ, ದಪ್ಪ ಸಾಲದ ವೈರು ಕಾದು ಕರಗುತ್ತದೆ, ಮುಖ್ಯವಾಗಿ ಮೂಲ ತೊಂದರೆ ಒಳಗೇ ಬೆಳೆಯುತ್ತದೆ.

ನಮ್ಮ ಕಡೆಗೆ ವಿಶೇಷವಾದ ಒಂದು ಕಾರಣವಿದೆ, ಮೆಕ್ಕೆಜೋಳದ ಹೊಟ್ಟು. ಸುಗ್ಗಿಯಲ್ಲಿ ರಸ್ತೆಬದಿಯಲ್ಲೇ ಕಾಳು ಹರವಿ, ಮೆಷಿನ್ ಹಾಕುವಾಗ ಹಾರುವ ಹೊಟ್ಟು ಎ.ಸಿ. ಕಂಡೆನ್ಸರಿನ ಜಾಲರಿ ದಾಟಿ, ಅದಕ್ಕೂ ರೇಡಿಯೇಟರಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕವಾಗಿಯೇ ಕಾಣುತ್ತದೆ. ಮೇಲಿನಿಂದ ಆ ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಗೊತ್ತಾಗುವುದು. ಇಂಜಿನ್ ಕಡೆಯಿಂದ ಹೊರಮುಖವಾಗಿ, ತೋಟದ ಪೈಪಿನ ಸಾಧಾರಣ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಬಿಟ್ಟರೆ ಹೊಟ್ಟು ಇನ್ನೂ ಒಳಗೆ ಹೋಗುತ್ತದೆ. ವಾಟರ್ ಸರ್ವಿಸ್ ಗನ್ನನ್ನು ಹತ್ತಿರ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿ, ಗಾಳಿಯ ದಾರಿಯೇ ಮುಚ್ಚುತ್ತದೆ.

ಇನ್ನೊಂದು, ಬೋರ್‌ವೆಲ್ ನೀರು. ಬಚ್ಚಲ ಹಂಡೆಯ ಒಳಗೆ, ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿಯ ಗಾರೆಯನ್ನು ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅದೇ ನೀರು ರೇಡಿಯೇಟರಿಗೆ ಹೋದರೆ ಅದೇ ಗಾರೆ ಎರಡು ಮಿಲಿಮೀಟರಿನ ಕೊಳವೆಗಳಲ್ಲಿ, ಸಿಲಿಂಡರಿನ ಸುತ್ತ ಕಟ್ಟುತ್ತದೆ. ಹಂಡೆಗಾದರೆ ಸೌದೆ ಹೆಚ್ಚು ಬೇಕು, ಇಂಜಿನ್ನಿಗಾದರೆ ಶಾಖ ಹೊರಬರಲು ದಾರಿ ಇಲ್ಲ. ಆರ್‌.ಒ. ನೀರು ಬೋರಿನ ನೀರಿಗಿಂತ ವಾಸಿ, ಆದರೂ ಸರಿಯಾದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

ಥರ್ಮೋಸ್ಟಾಟ್ ವಾಲ್ವನ್ನು ಬಿಚ್ಚಿ ಮನೆಯಲ್ಲೇ ಪರೀಕ್ಷಿಸಬಹುದು. ಅದರ ಮೇಲೆ 82 ಅಥವಾ 88 ಎಂದು ಕೊರೆದಿರುತ್ತದೆ, ಅದು ತೆರೆಯಲು ಶುರುವಾಗುವ ಡಿಗ್ರಿ. ಅಡುಗೆಗೆ ಬೇಡದ ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ವಾಲ್ವನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, 110 ಡಿಗ್ರಿ ತೋರಿಸುವ ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿ. ಆ ಅಂಕಿಯ ಎರಡು ಮೂರು ಡಿಗ್ರಿ ಹಿಂದೆಮುಂದೆ ಬಾಯಿ ಬಿಡಲು ಶುರುವಾಗಿ, ನೀರು ಕುದಿಯುವ ಹೊತ್ತಿಗೆ ಸುಮಾರು 8 ಮಿಲಿಮೀಟರ್ ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿ. "ವಾಲ್ವ್ ತೆಗೆದುಬಿಟ್ರೆ ಹೀಟೇ ಆಗಲ್ಲ" ಎನ್ನುವ ಸಲಹೆಗೆ ಕಿವಿಗೊಡಬೇಡಿ. ಇಂಜಿನ್ ಬೇಕಾದ ಬಿಸಿಗೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ವಾಲ್ವೇ ಬೈಪಾಸ್ ದಾರಿಯನ್ನೂ ಮುಚ್ಚುವಂಥ ಇಂಜಿನ್ನುಗಳಲ್ಲಿ ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ ಹೀಟ್ ಇನ್ನೂ ಏರುತ್ತದೆ.

ರಿಪೇರಿ

ಹೋಸ್ ಬದಲಿಸುವುದು ಯಾರಿಗೂ ಬರುವ ಕೆಲಸ. ಗಾಡಿ ತಣ್ಣಗಿರಲಿ. ಕೆಳಗೆ ಅಗಲ ತಟ್ಟೆಯಿಟ್ಟು ರೇಡಿಯೇಟರಿನ ಡ್ರೈನ್ ಪ್ಲಗ್ ಬಿಚ್ಚಿ ನೀರು ಇಳಿಸಿ. ಇಳಿಸಿದ್ದನ್ನು ಚರಂಡಿಗೆ ಬಿಡಬೇಡಿ, ತಟ್ಟೆಯಲ್ಲಿ ತೆರೆದಿಡಲೂ ಬೇಡಿ. ಸಿಹಿಯೆಂದು ನಾಯಿ, ದನ ಕುಡಿದರೆ ಸಾಯುತ್ತವೆ. ಕ್ಯಾನಿಗೆ ತುಂಬಿ ಬಿರಡೆ ಹಾಕಿ ಗ್ಯಾರೇಜಿಗೆ ಕೊಡಿ.

ಹಳೆಯ ಹೋಸ್ ಮೂತಿಗೆ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ. ಬಲ ಬಿದ್ದರೆ ಮುರಿಯುವುದು ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ. ಹೇಗೂ ಎಸೆಯುವ ಹೋಸ್, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಸಿಪ್ಪೆಯ ಹಾಗೆ ಬಿಡಿಸಿ. ಸೀಳುವಾಗ ಮೂತಿಯ ಮೇಲೆ ಗೀರು ಬೀಳದಿರಲಿ, ಆ ಗೀರಿನಲ್ಲೇ ನಾಳೆ ನೀರು ಜಿನುಗುತ್ತದೆ. ಲೋಹದ ಮೂತಿಯಾದರೆ ಕಟ್ಟಿದ ಪುಡಿಯನ್ನು ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ ತೆಗೆಯಿರಿ, ಪ್ಲಾಸ್ಟಿಕ್ ಆದರೆ ಒದ್ದೆ ಬಟ್ಟೆ ಸಾಕು. ಗ್ರೀಸ್, ಆಯಿಲ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸ್ವಲ್ಪ ಕೂಲೆಂಟ್ ಸವರಿದರೆ ಹೋಸ್ ತಾನೇ ಜಾರಿ ಕೂರುತ್ತದೆ. ಎರಡೂ ಕ್ಲಿಪ್ಪನ್ನು ಹೋಸಿನ ಮೇಲೆ ಮೊದಲೇ ಹಾಕಿರಿ, ಆಮೇಲೆ ನೆನಪಾದರೆ ಮತ್ತೆ ಬಿಚ್ಚಬೇಕು. ಮೂತಿಯ ತುದಿಯಲ್ಲಿ ಉಬ್ಬಿದ ಉಂಗುರವಿದೆಯಲ್ಲ, ಕ್ಲಿಪ್ ಅದರ ಮೇಲೆ ಬರಬಾರದು, ಅದನ್ನು ದಾಟಿ ಒಳಗೆ ಬರಬೇಕು, ಹೋಸಿನ ಅಂಚಿನಿಂದ 3-4 ಮಿಲಿಮೀಟರ್ ಬಿಟ್ಟು. ತಿರುಪಿನ ಕ್ಲಿಪ್ಪನ್ನು ರಬ್ಬರ್ ಕ್ಲಿಪ್ಪಿನ ಗೆರೆಗಳಲ್ಲಿ ಸ್ವಲ್ಪ ಉಬ್ಬುವಷ್ಟು ಬಿಗಿ ಮಾಡಿದರೆ ಸಾಕು, ಇನ್ನೂ ತಿರುಗಿಸಿದರೆ ಅದು ರಬ್ಬರನ್ನೇ ಕತ್ತರಿಸುತ್ತದೆ. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ ಗಟ್ಟಿಯಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಹೋಸಿನ ಜೊತೆ ಅದೂ ಹಿಗ್ಗಿ ಕುಗ್ಗುತ್ತದೆ.

ರೇಡಿಯೇಟರ್ ವಿಷಯ ಚಿಕ್ಕದು. ಹಿತ್ತಾಳೆ, ತಾಮ್ರದ ಹಳೆಯದಾದರೆ ಬೆಸುಗೆ ಹಾಕಿಸಿ ವರ್ಷಗಟ್ಟಲೆ ಓಡಿಸಬಹುದು. ಅಲ್ಯೂಮಿನಿಯಂ-ಪ್ಲಾಸ್ಟಿಕ್ ರೇಡಿಯೇಟರಿಗೆ ಎಂ-ಸೀಲ್ ಮೆತ್ತುವುದು ಹೊಸದು ಬರುವವರೆಗಿನ ಏರ್ಪಾಡು ಅಷ್ಟೇ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಇಂಜಿನ್ ನಿಮ್ಮದಾದರೆ ಪಂಪ್, ಬೆಲ್ಟ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮೂರೂ ಒಟ್ಟಿಗೆ ಬದಲಿಸಿ, ಕೂಲಿ ಒಂದೇ ಸಲದ್ದು. ಥರ್ಮೋಸ್ಟಾಟ್ ಕೂರಿಸುವಾಗ ಸ್ಪ್ರಿಂಗ್ ಇಂಜಿನ್ ಕಡೆಗೆ, ಗಾಳಿ ಬಿಡುವ ಪುಟ್ಟ ಪಿನ್ ಮೇಲ್ಗಡೆಗೆ ಬರಲಿ. ಅದರ ಚಿಕ್ಕ ಬೋಲ್ಟುಗಳು ಅಲ್ಯೂಮಿನಿಯಂ ಎಳೆಯಲ್ಲಿ ಕೂರುವಂಥವು, ಉದ್ದ ಸ್ಪ್ಯಾನರ್ ಹಾಕಿ ಬಲ ತೋರಿಸಬೇಡಿ.

ತುಂಬಿಸುವುದು, ಗಾಳಿ ತೆಗೆಯುವುದು

ಕೆಲಸವೆಲ್ಲ ಸರಿ ಮಾಡಿಯೂ ಗಾಡಿ ಮತ್ತೆ ಹೀಟ್ ಆಗುವುದು ಹೆಚ್ಚಾಗಿ ಈ ಹಂತದ ಅವಸರದಿಂದ. ಹಳೆಯ ನೀರು ಕೆಂಪು ರಾಡಿಯಾಗಿದ್ದರೆ ಮೊದಲು ಡಿಸ್ಟಿಲ್ಡ್ ವಾಟರ್ ತುಂಬಿ, ಥರ್ಮೋಸ್ಟಾಟ್ ತೆರೆಯುವಷ್ಟು ಹೊತ್ತು ಓಡಿಸಿ, ಆರಿಸಿ, ಇಳಿಸಿ. ತಿಳಿ ಬರುವವರೆಗೆ ಎರಡು ಮೂರು ಸಲ ಹೀಗೇ ಮಾಡಿ.

ಇಲ್ಲೊಂದು ಲೆಕ್ಕವಿದೆ. ರೇಡಿಯೇಟರಿನಿಂದ ಇಳಿಸಿದರೂ ಬ್ಲಾಕಿನೊಳಗೆ ಒಂದೆರಡು ಲೀಟರ್ ನೀರು ಉಳಿದೇ ಇರುತ್ತದೆ. ಅದರ ಮೇಲೆ ಮೊದಲೇ ನೀರು ಬೆರೆಸಿ ಬರುವ ರೆಡಿಮಿಕ್ಸ್ ಕೂಲೆಂಟ್ ಹಾಕಿದರೆ ಅದು ತೆಳುವಾಗುತ್ತದೆ. ಫ್ಲಶ್ ಮಾಡಿದ ಮೇಲೆ ಗಟ್ಟಿ ಕೂಲೆಂಟ್, ಅಂದರೆ ಕಾನ್ಸಂಟ್ರೇಟ್ ತನ್ನಿ. ಮ್ಯಾನ್ಯುಯಲ್ಲಿನಲ್ಲಿ ಒಟ್ಟು ಅಳತೆ 4.5 ಲೀಟರ್ ಎಂದಿದ್ದರೆ 2.25 ಲೀಟರ್ ಕಾನ್ಸಂಟ್ರೇಟ್ ಮೊದಲು ಹಾಕಿ, ಉಳಿದ ಜಾಗ ತುಂಬುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಅರ್ಧಕ್ಕರ್ಧ ಸಿಗುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು ಪೂರ್ತಿ ಕೂಲೆಂಟನ್ನೇ ಹಾಕಬೇಡಿ, ಶಾಖ ಹೊರುವ ಶಕ್ತಿ ನೀರಿಗೇ ಹೆಚ್ಚು. ಕೂಲೆಂಟಿನ ಪಾಲು ಮೂರನೇ ಒಂದಕ್ಕಿಂತ ಇಳಿಯಲೂಬಾರದು, ತುಕ್ಕು ತಡೆಯುವುದು ಅದೇ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಬಣ್ಣ ನೋಡಿ ಕೊಳ್ಳಬೇಡಿ. ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಯವು ಸಿಗುತ್ತವೆ, ಬೆರೆತರೆ ಕೆಲವು ಗಂಜಿಯಂತೆ ಗಟ್ಟಿಯಾಗುತ್ತವೆ. ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಮಾದರಿಯನ್ನೇ ತನ್ನಿ.

ಗಾಡಿಯ ಮೂತಿ ಮೇಲಾಗುವಂತೆ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಳಿ ಯಾವಾಗಲೂ ಮೇಲಕ್ಕೇ ಬರುತ್ತದೆ, ಆ ಮೇಲಿನ ಜಾಗ ಕ್ಯಾಪಿನ ಬಾಯಿಯೇ ಆಗಿರಲಿ. ಹೀಟರ್ ಪೂರ್ತಿ ಬಿಸಿಗಿಡಿ. ಗಾಳಿ ತೆಗೆಯುವ ತಿರುಪು ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ನೀರಿನ ಎಳೆ ಬಂದ ಮೇಲೆ ಬಿಗಿ ಮಾಡಿ. ನಿಧಾನವಾಗಿ ಹುಯ್ಯುತ್ತ, ನಡುನಡುವೆ ಮೇಲಿನ ಹೋಸನ್ನು ಹಿಸುಕಿ. ಗುಳಗುಳ ಎಂದು ಗಾಳಿ ಬಂದಂತೆಲ್ಲ ಮಟ್ಟ ಇಳಿಯುತ್ತದೆ, ಮತ್ತೆ ಹಾಕಿ. ಆಮೇಲೆ ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ, ಎ.ಸಿ. ಬೇಡ. ಬಿಸಿಯೇರಿ ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆ ದಿಢೀರನೆ ಕುಸಿಯುತ್ತದೆ. ಅದನ್ನು ತುಂಬಿ, ನೀರು ಉಬ್ಬಿ ಅಂಚಿಗೆ ಬರುವ ಮೊದಲೇ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಕಾಯಿರಿ. ಅಷ್ಟರಲ್ಲಿ ಕೆಳಗಿನ ಹೋಸೂ ಬಿಸಿಯಾಗಿರಬೇಕು, ಹೀಟರಿನಿಂದ ಬಿಸಿಗಾಳಿ ಒಂದೇ ಸಮನೆ ಬರುತ್ತಿರಬೇಕು. ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಊದಿದರೆ ಗಾಳಿ ಇನ್ನೂ ಒಳಗಿದೆ. ಪೂರ್ತಿ ಆರಿಸಿ ಮತ್ತೊಮ್ಮೆ ಮಾಡಿ.

ಹೆಡ್ ಗ್ಯಾಸ್ಕೆಟ್ ಅನುಮಾನವಿದ್ದರೆ

ಹೊರಗೆಲ್ಲೂ ಸೋರದೆ ನೀರು ಕಮ್ಮಿಯಾಗುತ್ತಿದೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕ್ಯಾಪ್ ತೆಗೆದಿಟ್ಟರೆ ಗುಳ್ಳೆ ನಿಲ್ಲದೆ ಬರುತ್ತಿದೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಇಲ್ಲವೇ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಬದಲು ಹಾಲು ಬೆರೆಸಿದ ಕಾಫಿಯ ಬಣ್ಣ. ಇವುಗಳಲ್ಲಿ ಎರಡು ಕಂಡರೂ ಗಾಡಿ ಓಡಿಸುವುದನ್ನು ನಿಲ್ಲಿಸಿ. ಆಯಿಲಿನಲ್ಲಿ ನೀರು ಬೆರೆತಿದ್ದರೆ ಪ್ರತಿ ಕಿಲೋಮೀಟರಿಗೂ ಬೇರಿಂಗ್ ಸವೆಯುತ್ತದೆ. ಖಚಿತ ಮಾಡಿಕೊಳ್ಳಲು ನೀಲಿ ದ್ರವದ ಪರೀಕ್ಷೆಯಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ನೀಲಿ ಹೋಗಿ ಹಳದಿಯಾದರೆ ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದೆ.

ಹೆಡ್ ಇಳಿಸಿದ ಮೇಲೆ ಬರೀ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡಬೇಡಿ. ಎದುರಿಗೆ ನಿಂತು ಅಳತೆ ನೋಡಿ. ಹೆಡ್ಡಿನ ಮೇಲೆ ನೇರ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಉಕ್ಕಿನ ಎಲೆ, ತೂರಿಸಬೇಕು. ಹೆಚ್ಚಿನ ಇಂಜಿನ್ನುಗಳಿಗೆ 0.05 ಮಿಲಿಮೀಟರ್ ಆಸುಪಾಸು ಗಡಿ, ನಿಮ್ಮ ಇಂಜಿನ್ನಿನ ಅಂಕಿ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಅದಕ್ಕಿಂತ ದಪ್ಪದ ಎಲೆ ಅಡಿಯಲ್ಲಿ ಹೋದರೆ ಫೇಸಿಂಗ್, ಅಂದರೆ ಹೆಡ್ಡಿನ ಮುಖ ಮಟ್ಟಸ, ಮಾಡಿಸಬೇಕು, ಬಿರುಕಿಗೆ ಪ್ರೆಶರ್ ಟೆಸ್ಟ್ ಕೂಡ ಮಾಡಿಸಬೇಕು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಬೇಕು. ಹಿಗ್ಗುವ ಜಾತಿಯ ಬೋಲ್ಟ್ ಆಗಿದ್ದರೆ ಹಳೆಯವನ್ನು ಮತ್ತೆ ಹಾಕುವಂತಿಲ್ಲ.

ಯಾವ ರಿಪೇರಿ ಮಾಡಿದ್ದರೂ ಮೊದಲ ದಿನ ಓಡಿಸಿ ಆರಿದ ಮೇಲೆ ತಿರುಪಿನ ಕ್ಲಿಪ್ಪುಗಳನ್ನು ಒಮ್ಮೆ ಮುಟ್ಟಿ ನೋಡಿ, ಹೊಸ ರಬ್ಬರ್ ಕೂತು ಸ್ವಲ್ಪ ಸಡಿಲಾಗಿರುತ್ತದೆ. ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಿಂದ ತಣ್ಣಗಿರುವಾಗಿನ ಮಟ್ಟಕ್ಕೆ ಗೆರೆ ಎಳೆದು, ಒಂದು ವಾರ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಮೊದಲ ಎರಡು ದಿನ ಉಳಿದ ಗಾಳಿ ಹೊರಬಂದು ಅರ್ಧ ಬೆರಳಿನಷ್ಟು ಇಳಿದರೆ ತುಂಬಿಸಿ. ಮೂರನೇ ದಿನದ ನಂತರವೂ ಇಳಿಯುತ್ತಿದ್ದರೆ ರಟ್ಟಿನ ಡಬ್ಬ ಮತ್ತೆ ಗಾಡಿಯ ಕೆಳಗೆ ಹಾಸಿ.